ಗೇಮ್ ಯಾವಾಗ ಬರುತ್ತೆ? ಸಣ್ಣ ತಂಡಗಳ ನಿಧಾನ, ಆಟಗಾರರ ಅವಸರ

2025ರ ಸೆಪ್ಟೆಂಬರ್ 4, ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. 'ಹಾಲೋ ನೈಟ್: ಸಿಲ್ಕ್‌ಸಾಂಗ್' ಮಾರಾಟಕ್ಕೆ ಬಂದ ಕೂಡಲೇ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಕೈಕೊಟ್ಟಿತು. ನಿಂಟೆಂಡೊ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಅಂಗಡಿಗಳಲ್ಲೂ ದುಡ್ಡು ಕಟ್ಟಲು ಆಗದೆ ಜನ ಒದ್ದಾಡಿದರು. ಅದೇ ದಿನ ಸ್ಟೀಮ್ ಒಂದರಲ್ಲೇ 5 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟಿಗೆ ಆಡುತ್ತಿದ್ದರು. ಇದು 20 ಡಾಲರ್ ಬೆಲೆಯ ಗೇಮ್, 'ಹಾಲೋ ನೈಟ್' ಅನ್ನೋ ಹಳೆಯ ಗೇಮ್‌ನ ಮುಂದಿನ ಭಾಗ. ಮಾಡಿದವರು ಆಸ್ಟ್ರೇಲಿಯಾದ ಅಡಿಲೇಡ್ ಊರಿನ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡ. ಅದರ ಜನರನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಿ ಮುಗಿಸಬಹುದು.

ಈ ಗೇಮ್ ಬರುತ್ತದೆ ಅಂತ ಅವರು ಮೊದಲು ಹೇಳಿದ್ದು 2019ರ ಫೆಬ್ರವರಿ 14ರಂದು. ಹೇಳಿದ ದಿನಕ್ಕೂ ಕೈಗೆ ಸಿಕ್ಕ ದಿನಕ್ಕೂ ನಡುವೆ ಆರೂವರೆ ವರ್ಷ. ಆ ವರ್ಷಗಳಲ್ಲಿ ನಿಂಟೆಂಡೊ ಆಗಲಿ ಮೈಕ್ರೋಸಾಫ್ಟ್ ಆಗಲಿ ಯಾವ ಕಾರ್ಯಕ್ರಮ ಮಾಡಿದರೂ ಲೈವ್ ಚಾಟ್ ತುಂಬಾ 'ಸಿಲ್ಕ್‌ಸಾಂಗ್ ಎಲ್ಲಿ?' ಅನ್ನೋ ಪ್ರಶ್ನೆಯೇ. 'ಡೈಲಿ ಸಿಲ್ಕ್‌ಸಾಂಗ್ ನ್ಯೂಸ್' ಅನ್ನೋ ಯೂಟ್ಯೂಬ್ ಚಾನೆಲ್ ದಿನಕ್ಕೊಂದು ವಿಡಿಯೊ ಹಾಕಿ ಇವತ್ತೂ ಸುದ್ದಿ ಇಲ್ಲ ಅಂತ ತಿಳಿಸುತ್ತಿತ್ತು. 2025ರ ಜನವರಿಯಲ್ಲಿ ತಂಡದ ಒಬ್ಬರು ತಮ್ಮ ಪ್ರೊಫೈಲ್‌ಗೆ ಒಂದು ಕೇಕ್ ಫೋಟೊ ಹಾಕಿದರು. ಅದರಲ್ಲಿ ಬಿಡುಗಡೆಯ ಸುಳಿವು ಅಡಗಿದೆ ಅಂತ ಅಭಿಮಾನಿಗಳು ಲೆಕ್ಕ ಹಾಕುತ್ತಾ ಕೂತರು. ಹಾಗೇನೂ ಇಲ್ಲ ಅಂತ ತಂಡವೇ ಹೇಳಬೇಕಾಯಿತು.

ಇಷ್ಟೆಲ್ಲ ಮಾಡಿಸಿದ್ದು ಪ್ರೀತಿ. ಆದರೆ ಆ ಪ್ರೀತಿಯ ಜೊತೆಗೇ ಸಿಟ್ಟೂ ಬೆಳೆಯಿತು. ಗೇಮ್ ನಿಂತೇ ಹೋಗಿದೆ ಅಂತ ಕೆಲವರು, ದುಡ್ಡು ಬಂದ ಮೇಲೆ ಇವರಿಗೆ ಸೋಮಾರಿತನ ಬಂತು ಅಂತ ಇನ್ನು ಕೆಲವರು. ಬಿಡುಗಡೆಗೆ ಎರಡು ವಾರ ಮೊದಲು ತಂಡದ ಸ್ಥಾಪಕರಾದ ಏರಿ ಗಿಬ್ಸನ್ ಮತ್ತು ವಿಲಿಯಂ ಪೆಲೆನ್ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಗೆ ಕೊಟ್ಟ ಸಂದರ್ಶನದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಕೆಲಸ ಯಾವತ್ತೂ ನಿಂತಿರಲಿಲ್ಲ, ನಾವು ಸಣ್ಣ ತಂಡ, ಗೇಮ್ ಮಾಡುವುದಕ್ಕೆ ಸಮಯ ಹಿಡಿಯುತ್ತದೆ ಅಂದರು. ಒಳಗೆ ಜಗಳ ಇರಲಿಲ್ಲ, ಸಂಕಟವೂ ಇರಲಿಲ್ಲ.

ಇಷ್ಟು ಸರಳ ಉತ್ತರ ಬಹಳ ಜನಕ್ಕೆ ರುಚಿಸಲಿಲ್ಲ. ಆದರೆ ಸಣ್ಣ ತಂಡದ ಕೆಲಸ ಹೇಗೆ ನಡೆಯುತ್ತದೆ ಅಂತ ಒಮ್ಮೆ ಒಳಗಿನಿಂದ ನೋಡಿದರೆ ಅದು ಸುಳ್ಳು ಅನಿಸುವುದಿಲ್ಲ.

ಅಷ್ಟು ಸಮಯ ಎಲ್ಲಿಗೆ ಹೋಗುತ್ತದೆ

ಸಿಲ್ಕ್‌ಸಾಂಗ್‌ನಂಥ ಗೇಮ್‌ನಲ್ಲಿ ಒಂದೇ ಒಂದು ಶತ್ರುವನ್ನು ತೆಗೆದುಕೊಳ್ಳಿ. ಒಂದು ಸಣ್ಣ ಹುಳು ಅಂತ ಇಟ್ಟುಕೊಳ್ಳೋಣ. ಮೊದಲು ಅದರ ರೂಪ ಬಿಡಿಸಬೇಕು. ಅದು ಸುಮ್ನೆ ನಿಂತಿದ್ದಾಗ, ನಡೆಯುವಾಗ, ತಿರುಗುವಾಗ, ಮೇಲೆ ಎರಗುವಾಗ, ಏಟು ತಿಂದಾಗ, ಸಾಯುವಾಗ ಹೇಗೆ ಕಾಣುತ್ತದೆ ಅಂತ ಒಂದೊಂದು ಚಲನೆಗೂ ಕೈಯಲ್ಲಿ ಚಿತ್ರದ ಮೇಲೆ ಚಿತ್ರ ಬಿಡಿಸಬೇಕು. ಆಮೇಲೆ ಅದಕ್ಕೆ ಬುದ್ಧಿ ಕೊಡುವ ಕೋಡ್. ಆಟಗಾರ ಎಷ್ಟು ಹತ್ತಿರ ಬಂದರೆ ಎಚ್ಚರವಾಗಬೇಕು? ಎರಗುವ ಮುಂಚೆ ಎಷ್ಟು ಹೊತ್ತು ಸುಳಿವು ಕೊಡಬೇಕು? ಆ ಸುಳಿವು ಕಣ್ಣು ರೆಪ್ಪೆ ಬಡಿಯುವಷ್ಟು ಕಡಿಮೆಯಾದರೆ ಆಟ ಅನ್ಯಾಯ ಅನಿಸುತ್ತದೆ, ಅಷ್ಟೇ ಜಾಸ್ತಿಯಾದರೆ ಬೋರ್ ಹೊಡೆಯುತ್ತದೆ. ಅದಕ್ಕೆ ದನಿ ಬೇಕು. ಯಾವ ಜಾಗದಲ್ಲಿ, ಯಾವ ಬೇರೆ ಶತ್ರುವಿನ ಪಕ್ಕದಲ್ಲಿ ಇಡಬೇಕು ಅಂತ ನೋಡಬೇಕು. ಇಟ್ಟು, ಆಡಿ, ಸರಿಯಿಲ್ಲ ಅನಿಸಿದರೆ ಮತ್ತೆ ಮೊದಲಿಂದ.

ಸಿಲ್ಕ್‌ಸಾಂಗ್‌ನಲ್ಲಿ ಇಂಥ ಶತ್ರುಗಳು 200ಕ್ಕೂ ಹೆಚ್ಚು ಇವೆ. ಬಾಸ್‌ಗಳು 40ಕ್ಕೂ ಹೆಚ್ಚು. ಬಾಸ್ ಅಂದರೆ ಸುಲಭಕ್ಕೆ ಸೋಲದ ದೊಡ್ಡ ಶತ್ರು, ಒಂದೊಂದೂ ಒಂದು ಪುಟ್ಟ ಗೇಮ್ ಇದ್ದ ಹಾಗೆ. ಅದಕ್ಕೆ ತನ್ನದೇ ಅಖಾಡ, ತನ್ನದೇ ಪಟ್ಟುಗಳು, ಎಷ್ಟೋ ಸಲ ತನ್ನದೇ ಸಂಗೀತ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಗೇಮ್‌ನಲ್ಲಿ ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡಿರುತ್ತದೆ. ನಾಯಕಿ ಹಾರುವ ಎತ್ತರವನ್ನು ಚೂರು ಹೆಚ್ಚಿಸಿದಿರಿ ಅಂತ ಇಟ್ಟುಕೊಳ್ಳಿ. ಆಗ ಈಗಾಗಲೇ ಮಾಡಿಟ್ಟ ಪ್ರತಿ ಕೋಣೆಯನ್ನೂ ಮತ್ತೆ ನೋಡಬೇಕು. ಆಟಗಾರ ಈಗಲೇ ಹತ್ತಬಾರದ ಅಂಚಿಗೆ ಹತ್ತಿಬಿಡಬಹುದು. ಆರು ಗಂಟೆ ಆಡಿದ ಮೇಲೆ ಸಿಗಬೇಕಾದ ಬಾಗಿಲು ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬಿಡಬಹುದು. ಹಳೆಯ ಗೇಮ್‌ನ ನಾಯಕನಿಗಿಂತ ಸಿಲ್ಕ್‌ಸಾಂಗ್‌ನ ನಾಯಕಿ ಹಾರ್ನೆಟ್ ಎತ್ತರ, ವೇಗವೂ ಜಾಸ್ತಿ. ಹಾಗಾಗಿ ಹಳೆಯ ಅಳತೆಯ ಗುಹೆಗಳು ಅವಳಿಗೆ ಸಾಲುವುದಿಲ್ಲ. ನಾಯಕಿ ಬದಲಾದರೆ ಲೋಕವೇ ಬದಲಾಗಬೇಕು.

'ಅಷ್ಟೊಂದು ದುಡ್ಡು ಬಂದಿದೆಯಲ್ಲ, ಇನ್ನೂ ಐವತ್ತು ಜನರನ್ನು ಇಟ್ಟುಕೊಳ್ಳಬಹುದಿತ್ತಲ್ವಾ?' ಈ ಪ್ರಶ್ನೆ ಪದೇ ಪದೇ ಬರುತ್ತದೆ, ನ್ಯಾಯವಾಗಿಯೂ ಕಾಣುತ್ತದೆ. ಭತ್ತದ ಕೊಯ್ಲಿಗೆ ಹತ್ತು ಆಳು ಹೆಚ್ಚಿಗೆ ಬಂದರೆ ಕೆಲಸ ಬೇಗ ಮುಗಿಯುತ್ತದೆ. ಗೇಮ್ ವಿಷಯದಲ್ಲಿ ಹಾಗಾಗುವುದಿಲ್ಲ. ಹೊಸಬರಿಗೆ ಕೆಲಸ ಕಲಿಸಬೇಕು, ಅವರು ಮಾಡಿದ್ದನ್ನು ನೋಡಿ ತಿದ್ದಬೇಕು, ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೊಂದುವಂತೆ ನೋಡಿಕೊಳ್ಳಬೇಕು. ಇದನ್ನೆಲ್ಲ ಮಾಡುವವರು ಯಾರು? ಇಷ್ಟು ದಿನ ಚಿತ್ರ ಬಿಡಿಸುತ್ತಿದ್ದ ಅದೇ ಇಬ್ಬರು ಮೂವರು. ಅವರು ಚಿತ್ರ ಬಿಟ್ಟು ಮೀಟಿಂಗ್ ಮಾಡುವ ಮ್ಯಾನೇಜರ್‌ಗಳಾಗುತ್ತಾರೆ. ದೊಡ್ಡ ಕಂಪನಿಗಳು ಈ ಬೆಲೆ ತೆತ್ತು ದೊಡ್ಡ ಗೇಮ್ ಮಾಡುತ್ತವೆ, ಅದು ಅವರ ದಾರಿ. ಆದರೆ 'ಹಾಲೋ ನೈಟ್' ಇಷ್ಟವಾದವರಿಗೆ ಇಷ್ಟವಾಗಿದ್ದೇ ಅದು ಒಂದೇ ಕೈ ಬಿಡಿಸಿದ ಲೋಕದಂತೆ ಕಾಣುತ್ತದೆ ಅನ್ನುವುದು. ಆ ಕೈ ಎಷ್ಟು ವೇಗವಾಗಿ ಓಡುತ್ತದೋ ಗೇಮ್ ಅಷ್ಟೇ ವೇಗವಾಗಿ ಬರುತ್ತದೆ.

ಇದರ ಮೇಲೆ ಆಸೆ ಬೇರೆ. ಸಿಲ್ಕ್‌ಸಾಂಗ್ ಮೊದಲಿಗೆ ಬೇರೆ ಗೇಮೇ ಆಗಿರಲಿಲ್ಲ. 2014ರ ಕೊನೆಯಲ್ಲಿ 'ಹಾಲೋ ನೈಟ್'ಗಾಗಿ ಜನರಿಂದ ಮುಂಗಡ ಹಣ ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಹಣ ಕೂಡಿಸಿದಾಗ ತಂಡ ಕೇಳಿದ್ದು 35 ಸಾವಿರ ಆಸ್ಟ್ರೇಲಿಯನ್ ಡಾಲರ್, ಬಂದದ್ದು 57 ಸಾವಿರಕ್ಕೂ ಹೆಚ್ಚು. ಹೆಚ್ಚು ಹಣ ಬಂದರೆ ಹಾರ್ನೆಟ್ ಆಗಿಯೂ ಆಡುವ ಅವಕಾಶ ಸೇರಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. 'ಹಾಲೋ ನೈಟ್' 2017ರ ಫೆಬ್ರವರಿಯಲ್ಲಿ ಬಂತು. ಮುಂದಿನ ಒಂದೂವರೆ ವರ್ಷದಲ್ಲಿ ಅದಕ್ಕೆ ನಾಲ್ಕು ದೊಡ್ಡ ಅಪ್‌ಡೇಟ್‌ಗಳನ್ನು ಪುಕ್ಕಟೆಯಾಗಿ ಕೊಟ್ಟರು. ಹಾರ್ನೆಟ್‌ಳ ಭಾಗ ಮಾತ್ರ ಬೆಳೆಯುತ್ತಾ ಬೆಳೆಯುತ್ತಾ ಒಂದು ಪೂರ್ತಿ ಗೇಮ್ ಆಯಿತು. ಒಂದು ಹಂತದಲ್ಲಿ ಗಿಬ್ಸನ್ ಸ್ಕೆಚ್ ಹಾಕುವುದನ್ನೇ ನಿಲ್ಲಿಸಬೇಕಾಯಿತಂತೆ. ಬಿಡಿಸಿದ್ದೆಲ್ಲ ಚೆನ್ನಾಗಿ ಕಂಡು ಗೇಮ್ ಒಳಗೆ ಸೇರಿಬಿಡುತ್ತಿತ್ತು. ಹೀಗೇ ಹೋದರೆ ಮುಗಿಸಲು ಹದಿನೈದು ವರ್ಷ ಬೇಕು ಅಂತ ಅವರಿಗೇ ಅನಿಸಿತು.

ಅವರನ್ನು ನಿಲ್ಲಿಸುವವರು ಯಾರೂ ಇರಲಿಲ್ಲ ಅನ್ನುವುದೂ ನಿಜ. 2025ರ ಹೊತ್ತಿಗೆ 'ಹಾಲೋ ನೈಟ್' 1.5 ಕೋಟಿ ಪ್ರತಿ ಮಾರಾಟವಾಗಿತ್ತು. ತಲೆಯ ಮೇಲೆ ಬಂಡವಾಳ ಹಾಕಿದ ಕಂಪನಿ ಇಲ್ಲ, ಈ ಮಾರ್ಚ್ ಒಳಗೆ ಮುಗಿಸಿ ಅನ್ನುವ ಬಾಸ್ ಇಲ್ಲ. ಆಟಗಾರರ ಅವಸರಕ್ಕೆ ಅಲ್ಲಿ ಹಿಡಿದು ಎಳೆಯಲು ಹಗ್ಗವೇ ಇರಲಿಲ್ಲ.

ಎಲ್ಲ ಸಣ್ಣ ತಂಡಗಳ ನಿಧಾನ ಇಷ್ಟು ನಿಶ್ಚಿಂತೆಯದಲ್ಲ. 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿದರು. ಚಿತ್ರಗಳನ್ನು ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿದರು. ಆ ಕಾಲದಲ್ಲಿ ಮನೆ ನಡೆದದ್ದು ಬಹುಪಾಲು ಸಂಗಾತಿಯ ದುಡಿಮೆಯಿಂದ. ಬರೋನ್ ಸಿಯಾಟಲ್‌ನ ಒಂದು ರಂಗಮಂದಿರದಲ್ಲಿ ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡುತ್ತಿದ್ದರು. ನಮ್ಮ ಪಕ್ಕದ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ 'ರಾಜಿ' 2017ರಲ್ಲಿ ಕಿಕ್‌ಸ್ಟಾರ್ಟರ್ ಗುರಿ ಮುಟ್ಟಲಿಲ್ಲ. ಸ್ಥಾಪಕರಲ್ಲಿ ಒಬ್ಬರು ತಮ್ಮ ಫ್ಲ್ಯಾಟ್ ಮಾರಿ ಕೆಲಸ ಮುಂದುವರಿಸಿದರು. ಗೇಮ್ 2020ರಲ್ಲಿ ಬಂತು. ಹೊರಗಿನಿಂದ ನೋಡಿದರೆ ಸಿಲ್ಕ್‌ಸಾಂಗ್‌ನ ತಡವೂ 'ರಾಜಿ'ಯ ತಡವೂ ಒಂದೇ ಥರ ಕಾಣುತ್ತವೆ. ಒಳಗೆ ಒಂದು ಕಡೆ ಕೈತುಂಬ ಹಣ, ಇನ್ನೊಂದು ಕಡೆ ಮುಂದಿನ ತಿಂಗಳ ಚಿಂತೆ. ಎರಡನೇ ತಂಡಕ್ಕೆ 'ಯಾವಾಗ ಬರುತ್ತೆ?' ಅನ್ನುವ ಪ್ರಶ್ನೆ ಎಷ್ಟು ಭಾರ ಅಂತ ಯೋಚಿಸಿ.

ನಿರೀಕ್ಷೆ ಹುಟ್ಟುವುದು ಎಲ್ಲಿ

ಆಟಗಾರರನ್ನೇ ಬೈದು ಮುಗಿಸುವುದು ಸುಲಭ, ಆದರೆ ಅದು ತಪ್ಪು. ಅವಸರಕ್ಕೂ ಕಾರಣಗಳಿವೆ.

ಮೊದಲನೆಯದು ಅಭ್ಯಾಸ. 'ಕಾಲ್ ಆಫ್ ಡ್ಯೂಟಿ' ವರ್ಷ ವರ್ಷ ಬರುತ್ತದೆ. ಅದು ಸಾಧ್ಯವಾಗುವುದು ಹಲವು ಸ್ಟುಡಿಯೋಗಳು ಸರದಿಯ ಮೇಲೆ ದುಡಿಯುವುದರಿಂದ. ಒಂದರ ಗೇಮ್ ಬರುವಾಗ ಇನ್ನೊಂದರದು ಅರ್ಧ ಮುಗಿದಿರುತ್ತದೆ. ನಮ್ಮಲ್ಲಿ ಫೋನಿನಲ್ಲಿ ಬಿಜಿಎಂಐ ಆಡಿ ಬೆಳೆದ ಹುಡುಗರಿಗೂ ಅಷ್ಟೇ, ಕೆಲವು ವಾರಗಳಿಗೊಮ್ಮೆ ಏನಾದರೂ ಹೊಸದು ಬಂದೇ ಬರುತ್ತದೆ. ಆ ಕಣ್ಣಿನಿಂದ ನೋಡಿದಾಗ ಆರು ವರ್ಷದ ಮೌನ ವಿಚಿತ್ರವಾಗಿ ಕಾಣುವುದು ಸಹಜ.

ಎರಡನೆಯದು ಟ್ರೇಲರ್. ಎರಡು ನಿಮಿಷದ ಟ್ರೇಲರ್‌ನಲ್ಲಿ ಬಣ್ಣ, ಸಂಗೀತ, ಹೊಡೆದಾಟ ಎಲ್ಲ ತಯಾರಾಗಿ ಕಾಣುತ್ತದೆ. ಆ ಎರಡು ನಿಮಿಷಕ್ಕೆ ಬೇಕಾದ ಭಾಗಗಳು ತಯಾರಾಗಿರುತ್ತವೆ, ನಿಜ. ಉಳಿದ ಮೂವತ್ತು ಗಂಟೆಯ ಆಟ ಇನ್ನೂ ಕಾಗದದ ಮೇಲಿರಬಹುದು. ಸಿಲ್ಕ್‌ಸಾಂಗ್‌ನ ಡೆಮೊವನ್ನು, ಅಂದರೆ ರುಚಿ ನೋಡಲು ಕೊಡುವ ಒಂದು ತುಣುಕನ್ನು, 2019ರ ಇ3 ಗೇಮ್ ಮೇಳದಲ್ಲೇ ಜನ ಆಡಿದ್ದರು. ಆಡಲು ಸಿಕ್ಕಿದೆ ಅಂದರೆ ಮುಗಿಯುತ್ತಾ ಬಂದಿದೆ ಅಂತ ಎಲ್ಲರೂ ಅಂದುಕೊಂಡರು. ಇನ್ನೂ ಆರು ವರ್ಷ ಬಾಕಿ ಇತ್ತು. ನನ್ನ ಮಟ್ಟಿಗೆ ಟೀಮ್ ಚೆರ್ರಿಯ ನಿಜವಾದ ತಪ್ಪು ಇದೊಂದೇ: ತೀರಾ ಬೇಗ ಹೇಳಿದರು.

ಮೂರನೆಯದು ದಿನಾಂಕ. ಇದೇ ಎಲ್ಲಕ್ಕಿಂತ ಅಪಾಯದ್ದು. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಸಿಲ್ಕ್‌ಸಾಂಗ್ ಕಾಣಿಸಿಕೊಂಡಿತು. ಇಲ್ಲಿ ತೋರಿಸಿದ ಗೇಮ್‌ಗಳನ್ನೆಲ್ಲ ಮುಂದಿನ 12 ತಿಂಗಳಲ್ಲಿ ಆಡಬಹುದು ಅಂತ ಮೈಕ್ರೋಸಾಫ್ಟ್ ಹೇಳಿತು. 2023ರ ಮೇ ತಿಂಗಳಲ್ಲಿ ತಂಡದ ಮ್ಯಾಥ್ಯೂ ಗ್ರಿಫಿನ್ ಬಂದು, ಗೇಮ್ ದೊಡ್ಡದಾಗಿದೆ, ಇನ್ನಷ್ಟು ಸಮಯ ಬೇಕು ಅಂತ ತಿಳಿಸಿದರು. ಅಲ್ಲಿಯವರೆಗೆ ತಮಾಷೆಯಾಗಿದ್ದ ಕಾಯುವಿಕೆ ಆಮೇಲೆ ಕಹಿಯಾಯಿತು. ನೋಡಿ, ದಿನಾಂಕ ಇಲ್ಲದೆ ಕಾಯುವವನಿಗೆ ಬೇಸರವಾಗುತ್ತದೆ ಅಷ್ಟೇ. ದಿನಾಂಕ ಕೇಳಿ ಕಾದವನಿಗೆ ಮೋಸವಾಯಿತು ಅನಿಸುತ್ತದೆ.

ಆ ಅನಿಸಿಕೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 'ನೋ ಮ್ಯಾನ್ಸ್ ಸ್ಕೈ' ಕಥೆ ನೋಡಬೇಕು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹೆಲೋ ಗೇಮ್ಸ್ ಕೂಡ ಸಣ್ಣ ತಂಡ. 2013ರ ಕೊನೆಯಲ್ಲಿ ಅವರ ಮೊದಲ ಟ್ರೇಲರ್ ಬಂದಾಗ ಜಗತ್ತು ಬೆರಗಾಯಿತು. ತಂಡದ ಮುಖ್ಯಸ್ಥ ಶಾನ್ ಮರ್ರೇ ಸಂದರ್ಶನದ ಮೇಲೆ ಸಂದರ್ಶನ ಕೊಟ್ಟರು. ಇದೂ ಇರಬಹುದು, ಅದೂ ಇರಬಹುದು ಅಂದರು. 2016ರ ಜೂನ್‌ಗೆ ಬರಬೇಕಿದ್ದ ಗೇಮ್ ಆಗಸ್ಟ್‌ಗೆ ಹೋಯಿತು. ಬರೀ ಕೆಲವು ವಾರಗಳ ತಡಕ್ಕೆ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಒಂದು ಗೇಮ್ ಏಳು ವಾರ ತಡವಾಗಿದ್ದಕ್ಕೆ ಒಬ್ಬ ಮನುಷ್ಯನಿಗೆ ಜೀವಭಯ! ಇದನ್ನು ಅಭಿಮಾನ ಅಂತ ಕರೆಯಲು ನನ್ನಿಂದ ಆಗುವುದಿಲ್ಲ.

ಗೇಮ್ ಬಂದ ಮೇಲೆ ಹೇಳಿದ್ದರಲ್ಲಿ ಎಷ್ಟೋ ಅದರಲ್ಲಿ ಇರಲಿಲ್ಲ. ಆ ಸಿಟ್ಟಿಗೆ ಮಾತ್ರ ಕಾರಣವಿತ್ತು, ಜನ ಪೂರ್ತಿ ಬೆಲೆ ಕೊಟ್ಟಿದ್ದರು. ತಂಡ ಆಮೇಲೆ ಮಾತು ನಿಲ್ಲಿಸಿತು. ತಿಂಗಳುಗಟ್ಟಲೆ ಸುಮ್ಮನಿದ್ದು, ನವೆಂಬರ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಪುಕ್ಕಟೆ ಕೊಟ್ಟಿತು. ಅಲ್ಲಿಂದ ವರ್ಷ ವರ್ಷ ಹಾಗೇ ಕೊಡುತ್ತಾ ಬಂತು. ಸ್ಟೀಮ್‌ನಲ್ಲಿ ಪಾತಾಳಕ್ಕೆ ಬಿದ್ದಿದ್ದ ಅದರ ಒಟ್ಟು ವಿಮರ್ಶೆ 2024ರ ಕೊನೆಗೆ 'ಬಹಳ ಒಳ್ಳೆಯದು' ಅನ್ನುವ ಮಟ್ಟಕ್ಕೆ ಏರಿತು. ಎಂಟು ವರ್ಷ ಬೇಕಾಯಿತು.

ಇದನ್ನು ನೋಡಿದ ಮೇಲೆ ಬೇರೆ ಡೆವಲಪರ್‌ಗಳು ಏನು ಕಲಿತಿರಬಹುದು? ಬಾಯಿಬಿಟ್ಟು ಹೇಳಿದ ಪ್ರತಿ ಮಾತೂ ಸಾಲ. ಹಾಗಾಗಿ ಬಾಯಿ ಮುಚ್ಚಿಕೊಂಡಿರುವುದೇ ಮೇಲು. ಆದರೆ ಮೌನದಲ್ಲಿ ವದಂತಿ ಹುಟ್ಟುತ್ತದೆ, ವದಂತಿಯಿಂದ ನಿರೀಕ್ಷೆ ಇನ್ನೂ ಬೆಳೆಯುತ್ತದೆ, ಬೆಳೆದ ನಿರೀಕ್ಷೆಯನ್ನು ಕಂಡು ತಂಡ ಇನ್ನಷ್ಟು ಸುಮ್ಮನಾಗುತ್ತದೆ. ಈ ಸುಳಿಯಿಂದ ಹೊರಬರುವುದು ಎರಡೂ ಕಡೆಯವರಿಗೆ ಕಷ್ಟ.

ದುಡ್ಡು ಕೊಟ್ಟವರು, ಕೊಡದವರು

ಕೇಳುವ ಹಕ್ಕು ಯಾರಿಗೆ ಎಷ್ಟಿದೆ? ನನ್ನ ಪ್ರಕಾರ ಇದನ್ನು ತೀರ್ಮಾನಿಸುವುದು ದುಡ್ಡು. ಟ್ರೇಲರ್ ನೋಡಿ ಆಸೆಪಟ್ಟವರಿಗೆ ತಂಡ ಏನೂ ಕೊಡಬೇಕಾಗಿಲ್ಲ, ದಿನಾಂಕವನ್ನೂ ಸಹ. ಮುಂಗಡ ಹಣ ಕೊಟ್ಟವರ ವಿಷಯ ಬೇರೆ. ಅವರಿಗೆ ಕೆಲಸ ಎಲ್ಲಿಗೆ ಬಂತು ಅಂತ ತಿಳಿಯುವ ಹಕ್ಕು ಖಂಡಿತ ಇದೆ. ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ, ಅಲ್ಲಿ ಕೊಡುವ ಹಣ ಒಂದು ಪ್ರಯತ್ನಕ್ಕೆ ಕೊಡುವ ಬೆಂಬಲ. ಹಾಗಂತ ಹಣ ತೆಗೆದುಕೊಂಡವರು ಮಾಯವಾಗಬಹುದು ಅಂತಲ್ಲ. ಟೀಮ್ ಚೆರ್ರಿ 'ಹಾಲೋ ನೈಟ್'ಗೆ ಹಣ ಕೊಟ್ಟವರಿಗೆ ಸಿಲ್ಕ್‌ಸಾಂಗ್ ಪುಕ್ಕಟೆ ಅಂತ 2019ರಲ್ಲೇ ಹೇಳಿತ್ತು.

ಸ್ಟೀಮ್ 2013ರಲ್ಲಿ ಶುರುಮಾಡಿದ 'ಅರ್ಲಿ ಆಕ್ಸೆಸ್' ಇನ್ನೊಂದು ದಾರಿ. ಅರ್ಧ ಆದ ಗೇಮ್ ಮಾರುತ್ತಾರೆ, ಕೊಂಡವರು ಆಡುತ್ತಾ ತಪ್ಪು ಹೇಳುತ್ತಾರೆ, ತಂಡ ತಿದ್ದುತ್ತಾ ಹೋಗುತ್ತದೆ. ಈ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಪ್ರಾಗ್‌ನ ವೂಬ್ ಸಾಫ್ಟ್‌ವೇರ್‌ನ 'ಫ್ಯಾಕ್ಟೋರಿಯೊ'. 2013ರಿಂದ ಶುಕ್ರವಾರಗಳಂದು ಈ ವಾರ ಏನು ಮಾಡಿದೆವು, ಯಾವ ಬಗ್ (ಕೋಡ್‌ನ ದೋಷ) ಕಾಡಿತು, ಯಾವ ಯೋಚನೆ ಕೈಬಿಟ್ಟೆವು ಅಂತ ಬರೆಯುತ್ತಾ ಬಂದರು. ಗೇಮ್ ಪೂರ್ತಿ ಆಯಿತು ಅಂತ ಘೋಷಿಸಿದ್ದು 2020ರ ಆಗಸ್ಟ್ 14ಕ್ಕೆ. ಇದು ಸಿಲ್ಕ್‌ಸಾಂಗ್‌ಗಿಂತ ಉದ್ದದ ಕಾಯುವಿಕೆ. ಆದರೂ ಅಂಥ ರಂಪ ಆಗಲಿಲ್ಲ. ಗೇಮ್ ಆಗಲೇ ಕೈಯಲ್ಲಿತ್ತು, ಕೆಲಸ ನಡೆಯುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಹಾಗಾದರೆ ಎಲ್ಲರೂ ಹೀಗೇ ಮಾಡಬಹುದಲ್ವಾ? ಆಗುವುದಿಲ್ಲ. 'ಫ್ಯಾಕ್ಟೋರಿಯೊ' ಕಾರ್ಖಾನೆ ಕಟ್ಟುವ ಆಟ, ಅರ್ಧ ಇದ್ದರೂ ಆಡಬಹುದು. ಸಿಲ್ಕ್‌ಸಾಂಗ್‌ನ ಸುಖ ಇರುವುದು ಗೊತ್ತಿಲ್ಲದ ಜಾಗಕ್ಕೆ ಕಾಲಿಡುವುದರಲ್ಲಿ. ಅದನ್ನು ವಾರ ವಾರ ಬಿಚ್ಚಿ ತೋರಿಸಿದರೆ ಕೊನೆಗೆ ಉಳಿಯುವುದೇನು? ಹೇಳಿ ಹೇಳಿ ಗುಟ್ಟು ಹಾಳು ಮಾಡಬಾರದು ಅನ್ನುವುದೂ ತಂಡದ ಮೌನಕ್ಕೆ ಒಂದು ಕಾರಣವಾಗಿತ್ತು.

ಅನುಮಾನಕ್ಕೂ ಜಾಗವಿದೆ, ಅದನ್ನು ಮುಚ್ಚಿಡಬಾರದು. 'ದಿ ಡೇ ಬಿಫೋರ್' ಅನ್ನುವ ಗೇಮ್ ಒಂದು ಕಾಲಕ್ಕೆ ಸ್ಟೀಮ್ ವಿಶ್‌ಲಿಸ್ಟ್‌ನ, ಅಂದರೆ ಜನ ಬೇಕು ಅಂತ ಗುರುತಿಟ್ಟ ಗೇಮ್‌ಗಳ ಪಟ್ಟಿಯ, ಮೇಲ್ತುದಿಯಲ್ಲಿತ್ತು. ಮತ್ತೆ ಮತ್ತೆ ಮುಂದೆ ಹೋಗಿ 2023ರ ಡಿಸೆಂಬರ್ 7ರಂದು ಅರ್ಲಿ ಆಕ್ಸೆಸ್‌ನಲ್ಲಿ ಬಂತು. ತೋರಿಸಿದ್ದೇ ಬೇರೆ, ಬಂದದ್ದೇ ಬೇರೆ. ನಾಲ್ಕೇ ದಿನದಲ್ಲಿ ಅದನ್ನು ಮಾಡಿದ ಸ್ಟುಡಿಯೋ ಬಾಗಿಲು ಹಾಕಿತು. ಇಂಥದ್ದನ್ನು ಕಂಡವರು ಮುಂದಿನ ಸಣ್ಣ ತಂಡವನ್ನು ಅನುಮಾನದಿಂದ ನೋಡಿದರೆ ಅವರನ್ನು ದೂರಲಾಗದು. ಸ್ಟೀಮ್ 2025ರಿಂದ ಒಂದು ಒಳ್ಳೆ ಕೆಲಸ ಮಾಡುತ್ತಿದೆ. ಅರ್ಲಿ ಆಕ್ಸೆಸ್ ಗೇಮ್‌ಗೆ ಬಹಳ ಕಾಲದಿಂದ ಅಪ್‌ಡೇಟ್ ಬಂದಿಲ್ಲದಿದ್ದರೆ ಅದರ ಪುಟದಲ್ಲೇ ಎಚ್ಚರಿಕೆ ಹಾಕುತ್ತದೆ. ದುಡ್ಡು ಕೊಡುವ ಮುಂಚೆ ಅದನ್ನೊಮ್ಮೆ ನೋಡಿ. ಈಗ ಇರುವ ಆಟ ಆ ಬೆಲೆಗೆ ಸಾಕು ಅನಿಸಿದರೆ ಮಾತ್ರ ಕೊಳ್ಳಿ, ಮುಂದೆ ಬರುವುದನ್ನು ನಂಬಿ ಬೇಡ.

ಅವಸರದ ಬೆಲೆಯನ್ನು ಬೇರೆಯವರೂ ಕಟ್ಟುತ್ತಾರೆ. ಸಿಲ್ಕ್‌ಸಾಂಗ್ ದಿನಾಂಕ ಹೊರಬಿದ್ದದ್ದು 2025ರ ಆಗಸ್ಟ್ 21ಕ್ಕೆ, ಬರೀ ಎರಡು ವಾರ ಮೊದಲು. ಆ ಹೊತ್ತಿಗೆ ಕಟ್ಟಿಕೊಂಡ ನಿರೀಕ್ಷೆ ಎಷ್ಟು ದೊಡ್ಡದಾಗಿತ್ತೆಂದರೆ, ಅದೇ ದಿನಗಳಲ್ಲಿ ಬರಬೇಕಿದ್ದ ಹಲವು ಸಣ್ಣ ಗೇಮ್‌ಗಳು ದಾರಿ ಬಿಟ್ಟುಕೊಟ್ಟವು. 'ಡೆಮನ್‌ಸ್ಕೂಲ್' ನವೆಂಬರ್‌ಗೆ ಹೋಯಿತು. ಅವರೂ ವರ್ಷಗಟ್ಟಲೆ ದುಡಿದವರೇ. ಅವರ ಗೇಮ್ ಎಲ್ಲಿ ಅಂತ ಕೇಳುವವರು ಮಾತ್ರ ಅಷ್ಟು ಮಂದಿ ಇರಲಿಲ್ಲ.

ಈಗ ಎರಿಕ್ ಬರೋನ್ ಸರದಿ. 'ಹಾಂಟೆಡ್ ಚಾಕೊಲೇಟಿಯರ್' ಅನ್ನುವ ಹೊಸ ಗೇಮ್ ಬಗ್ಗೆ ಅವರು 2021ರ ಅಕ್ಟೋಬರ್‌ನಲ್ಲಿ ಹೇಳಿದರು. ಮಧ್ಯದಲ್ಲಿ ಅದನ್ನು ಪಕ್ಕಕ್ಕಿಟ್ಟು 'ಸ್ಟಾರ್‌ಡ್ಯೂ ವ್ಯಾಲಿ'ಗೆ 1.6 ಅಪ್‌ಡೇಟ್ ಮಾಡಿದರು, ಅದು 2024ರ ಮಾರ್ಚ್‌ನಲ್ಲಿ ಬಂತು. ಹಳೆಯ ಗೇಮ್‌ಗೆ ಇನ್ನೂ ಬೇಕು ಅನ್ನುವವರೂ ನಾವೇ, ಹೊಸದು ಯಾಕೆ ತಡ ಅನ್ನುವವರೂ ನಾವೇ. ಎರಡಕ್ಕೂ ಇರುವುದು ಅದೇ ಎರಡು ಕೈ.

ಕಾಯುವಾಗ ಕೈಗೆ ಕೆಲಸ ಬೇಕು ಅನ್ನುವವರಿಗೆ ಕೆಲಸ ಇದೆ. ಇಷ್ಟವಾದ ಗೇಮನ್ನು ವಿಶ್‌ಲಿಸ್ಟ್‌ಗೆ ಸೇರಿಸಿ. ಬಿಡುಗಡೆಯಾದ ದಿನ ನಿಮಗೆ ಮೇಲ್ ಬರುತ್ತದೆ, ಹೆಸರಿಲ್ಲದ ತಂಡಕ್ಕೂ ಹಾಗೆ ಸೇರಿಸಿದವರ ಸಂಖ್ಯೆಯಿಂದ ಧೈರ್ಯ ಬರುತ್ತದೆ. ವರ್ಷಕ್ಕೆ ಮೂರು ಸಲ ನಡೆಯುವ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ನಲ್ಲಿ ನೂರಾರು ಡೆಮೊಗಳು ಪುಕ್ಕಟೆ ಸಿಗುತ್ತವೆ. ಒಂದೆರಡನ್ನು ಆಡಿ. ಬಗ್ ಸಿಕ್ಕರೆ ಯಾವ ಜಾಗದಲ್ಲಿ, ಏನು ಮಾಡುವಾಗ, ಯಾವ ಕಂಪ್ಯೂಟರ್‌ನಲ್ಲಿ ಆಯಿತು ಅಂತ ನಾಲ್ಕು ಸಾಲು ಬರೆದು ಕಳಿಸಿ. ಅದನ್ನು ಹುಡುಕಲು ಅವರಿಗೆ ಇಡೀ ದಿನ ಬೇಕಾಗಬಹುದಿತ್ತು.